ಮಾರ್ಜಿನ್ ಇಲ್ಲ ಎನ್ನುವವರ ಲೆಕ್ಕ: ಕಾರ್ಮಿಕ ಸಚಿವರಿಗೆ ಮಂಡ್ಯದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ನಮಸ್ಕಾರಗಳು.

ಕನಿಷ್ಠ ವೇತನ ಏರಿಸುವ ಮಾತು ಬಂದಾಗಲೆಲ್ಲ ವ್ಯಾಪಾರಿಗಳ ನಿಯೋಗವೊಂದು ತಮ್ಮ ಕಚೇರಿಯ ಬಾಗಿಲು ತಟ್ಟುತ್ತದೆ. ಅವರ ಅಹವಾಲು ನನಗೆ ಬಾಯಿಪಾಠ. ಚಿಲ್ಲರೆ ವ್ಯಾಪಾರದಲ್ಲಿ ನೂರು ರೂಪಾಯಿ ಮಾರಿದರೆ ಕೊನೆಗೆ ಉಳಿಯುವುದು ಎರಡೋ ಮೂರೋ ರೂಪಾಯಿ, ಸಂಬಳ ಏರಿಸಿದರೆ ಅಂಗಡಿ ಮುಚ್ಚಬೇಕಾಗುತ್ತದೆ, ಇರುವ ಹುಡುಗರ ಕೆಲಸವೂ ಹೋಗುತ್ತದೆ. ಮೈಸೂರಿನ ದೊಡ್ಡ ಮಳಿಗೆಯೊಂದರಲ್ಲಿ ಬಹುಕಾಲ ಲೆಕ್ಕಪತ್ರ ನೋಡಿಕೊಂಡವನು ನಾನು. ಇಂತಹ ಮನವಿಗಳ ಕರಡು ನನ್ನ ಮೇಜಿನ ಮೇಲೂ ಹಾದುಹೋಗಿದೆ. ಅದರಲ್ಲಿರುವ ಅಂಕಿ ಬಹುಮಟ್ಟಿಗೆ ನಿಜ. ಆ ಅಂಕಿಯಿಂದ ಎಳೆಯುವ ತೀರ್ಮಾನದ ಬಗ್ಗೆ ಮಾತ್ರ ನನ್ನ ತಕರಾರು. ಅಷ್ಟೇ ತೆಳುವಾದ ಲಾಭದಲ್ಲಿ ಒಬ್ಬ ಮಾಲೀಕ ಚೆನ್ನಾಗಿ ಸಂಬಳ ಕೊಡುತ್ತಾನೆ, ಇನ್ನೊಬ್ಬ ಕೊಡುವುದಿಲ್ಲ. ಏಕೆ ಹೀಗೆ ಎಂದು ನಿಯೋಗದವರನ್ನು ಒಮ್ಮೆಯಾದರೂ ಕೇಳಬೇಕಲ್ಲವೇ?

ಈ ಪ್ರಶ್ನೆಯ ಮೇಲೆ ಹೆಚ್ಚು ಚರ್ಚೆ ನಡೆದಿರುವುದು ಅಮೆರಿಕದಲ್ಲಿ. ಅಲ್ಲಿ ಎರಡು ದೊಡ್ಡ ಚಿಲ್ಲರೆ ಮಳಿಗೆ ಸರಪಳಿಗಳಿವೆ. ವಾಲ್‌ಮಾರ್ಟ್ ಶುರುವಾದದ್ದು 1962ರಲ್ಲಿ, ಅರ್ಕನ್ಸಾ ರಾಜ್ಯದ ರೋಜರ್ಸ್ ಎಂಬ ಸಣ್ಣ ಊರಿನಲ್ಲಿ. ಕಾಸ್ಟ್‌ಕೊ 1983ರಲ್ಲಿ ಸಿಯಾಟಲ್‌ನಲ್ಲಿ ಬಾಗಿಲು ತೆರೆಯಿತು. ಎರಡರ ನಿವ್ವಳ ಲಾಭವೂ ಮಾರಾಟದ ನೂರಕ್ಕೆ ಎರಡು-ಮೂರರ ಆಸುಪಾಸಿನಲ್ಲೇ ಓಡಾಡುತ್ತದೆ. ನಮ್ಮ ನಿಯೋಗದವರು ಹೇಳುವ ಅಂಕಿಯೇ ಅದು. ಸರಕಿನ ಅಸಲು ಕಳೆದ ಮೇಲೆ ವಾಲ್‌ಮಾರ್ಟ್ ಕೈಯಲ್ಲಿ ನೂರಕ್ಕೆ ಸುಮಾರು ಇಪ್ಪತ್ತನಾಲ್ಕು ಉಳಿದರೆ, ಕಾಸ್ಟ್‌ಕೊ ಕೈಯಲ್ಲಿ ಉಳಿಯುವುದು ಹನ್ನೆರಡು-ಹದಿಮೂರು. ಗ್ರಾಹಕರಿಂದ ಕಡಿಮೆ ತೆಗೆದುಕೊಳ್ಳುವ ಅಂಗಡಿಯೇ ನೌಕರರಿಗೆ ಹೆಚ್ಚು ಕೊಡುತ್ತಿದೆ. 2025ರಲ್ಲಿ ಕಾಸ್ಟ್‌ಕೊ ಸೇರುವ ಹೊಸಬರಿಗೆ ಗಂಟೆಗೆ ಸುಮಾರು 20 ಡಾಲರ್. ವಾಲ್‌ಮಾರ್ಟ್ 2023ರಲ್ಲಿ ತನ್ನ ಕನಿಷ್ಠ ಕೂಲಿಯನ್ನು 14 ಡಾಲರಿಗೆ ಏರಿಸಿತು. ಅಲ್ಲಿನ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯೋ, 2009ರಿಂದ ಏಳೂಕಾಲು ಡಾಲರಿನಿಂದ ಕದಲಿಲ್ಲ.

ಇದನ್ನು ಮಾಲೀಕರ ದೊಡ್ಡ ಮನಸ್ಸು ಎಂದು ಹೇಳಿ ಮುಗಿಸುವವರು ಲೆಕ್ಕ ಓದಿಲ್ಲ. ವಾಲ್‌ಮಾರ್ಟಿನ ದೊಡ್ಡ ಮಳಿಗೆಯಲ್ಲಿ ಲಕ್ಷಕ್ಕೂ ಮೀರಿ ಬಗೆಬಗೆಯ ಸರಕು. ಕಾಸ್ಟ್‌ಕೊದಲ್ಲಿ ಸುಮಾರು ನಾಲ್ಕು ಸಾವಿರ. ಟೊಮೆಟೊ ಸಾಸ್ ಹದಿನೈದು ಬಗೆ ಇಟ್ಟರೆ ಹದಿನೈದನ್ನೂ ತರಿಸಬೇಕು, ಜೋಡಿಸಬೇಕು, ಬೆಲೆಚೀಟಿ ಅಂಟಿಸಬೇಕು, ವಾಯಿದೆ ಮುಗಿದದ್ದನ್ನು ಹೆಕ್ಕಿ ತೆಗೆಯಬೇಕು, ವರ್ಷಕ್ಕೊಮ್ಮೆ ಎಣಿಸಬೇಕು. ಎರಡೇ ಬಗೆ ಇಟ್ಟರೆ ಅಷ್ಟೂ ಕೆಲಸ ಉಳಿಯಿತು. ಕಾಸ್ಟ್‌ಕೊದಲ್ಲಿ ಸರಕು ಬಂದ ಮರದ ಹಲಗೆಯ ಸಮೇತ ಮಾರಾಟದ ಜಾಗಕ್ಕೆ ಬಂದು ಕೂರುತ್ತದೆ. ಒಂದೊಂದೇ ಡಬ್ಬಿ ಎತ್ತಿ ಅಲಂಕಾರ ಮಾಡುವ ಗೋಜಿಲ್ಲ. ಜಾಹೀರಾತಿಗೆ ಹಣ ಸುರಿಯುವುದಿಲ್ಲ. ಲಾಭದ ಹೆಚ್ಚಿನ ಪಾಲು ಬರುವುದು ಗ್ರಾಹಕರು ವರ್ಷಕ್ಕೊಮ್ಮೆ ಕಟ್ಟುವ ಸದಸ್ಯತ್ವ ಶುಲ್ಕದಿಂದ. ಹೀಗಾಗಿ ಒಬ್ಬೊಬ್ಬ ನೌಕರನ ಕೈಯಿಂದ ದಿನಕ್ಕೆ ಸಾಗುವ ಮಾಲಿನ ಮೊತ್ತ ಬೇರೆಡೆಗಿಂತ ಬಹಳ ಹೆಚ್ಚು. ಅಷ್ಟು ಮಾಲು ಸಾಗಿಸುವವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಮಾರಾಟದ ಲೆಕ್ಕದಲ್ಲಿ ಅದು ಸಣ್ಣ ಭಾಗವಾಗಿಯೇ ಉಳಿಯುತ್ತದೆ. ಒಂದು ವರ್ಷ ದಾಟಿದ ನೌಕರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಅಲ್ಲೇ ಉಳಿಯುತ್ತಾರೆ ಎಂದು ಕಂಪನಿಯ ವರದಿಗಳು ಹೇಳುತ್ತವೆ.

ಹಾಗೆಂದು ಕಾಸ್ಟ್‌ಕೊದ ಪಟ ಹಾಕಿಕೊಂಡು ಪೂಜೆ ಮಾಡಬೇಕಾಗಿಲ್ಲ. ಕಾರಿನಲ್ಲಿ ಬಂದು, ಮುಂಗಡ ಶುಲ್ಕ ಕಟ್ಟಿ, ತಿಂಗಳುಗಟ್ಟಲೆ ಆಗುವಷ್ಟು ದೊಡ್ಡ ಪೊಟ್ಟಣ ಕೊಳ್ಳಬಲ್ಲ ಅನುಕೂಲವಂತರೇ ಅದರ ಗ್ರಾಹಕರು. ಅರ್ಧ ಲೀಟರ್ ಎಣ್ಣೆ, ಕಾಲು ಕಿಲೋ ಬೇಳೆ ಕೊಳ್ಳುವವರ ಅಂಗಡಿಯನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ಯಲಾಗದು. ಇನ್ನೊಂದು ಸಂಗತಿಯನ್ನು ಆ ಕಂಪನಿಯ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1993ರಲ್ಲಿ ಅದರೊಂದಿಗೆ ವಿಲೀನವಾದ ಪ್ರೈಸ್ ಕ್ಲಬ್‌ನ ಹಳೆಯ ಮಳಿಗೆಗಳಲ್ಲಿ ಟೀಮ್‌ಸ್ಟರ್ಸ್ ಎಂಬ ಕಾರ್ಮಿಕ ಸಂಘ ಮೊದಲಿನಿಂದಲೂ ಇತ್ತು, ಈಗಲೂ ಇದೆ. ಸಂಘ ಒಪ್ಪಂದ ಮಾಡಿಕೊಂಡ ಕಡೆ ಕೂಲಿ ಏರಿದರೆ ಸಂಘವಿಲ್ಲದ ಮಳಿಗೆಗಳಲ್ಲೂ ಹಿಂದೆ ಬೀಳುವಂತಿಲ್ಲ. ಬಿದ್ದರೆ ಅಲ್ಲೂ ಸಂಘ ಹುಟ್ಟುತ್ತದೆ. ಒಳ್ಳೆಯತನಕ್ಕೆ ಪಕ್ಕದಲ್ಲೊಬ್ಬ ಕಾವಲುಗಾರ ಇದ್ದರೆ ಅದು ಹೆಚ್ಚು ಕಾಲ ಬಾಳುತ್ತದೆ.

ಷೇರುಪೇಟೆಯ ಕಾವಲು ಬೇರೆ ದಿಕ್ಕಿನದು. 2015ರಲ್ಲಿ ವಾಲ್‌ಮಾರ್ಟ್ ತನ್ನ ಕನಿಷ್ಠ ಕೂಲಿಯನ್ನು 9 ಡಾಲರಿಗೆ, ಮರುವರ್ಷ 10 ಡಾಲರಿಗೆ ಏರಿಸುವುದಾಗಿ ಘೋಷಿಸಿತು. ಆ ವೆಚ್ಚದಿಂದ ಲಾಭ ಇಳಿಯಲಿದೆ ಎಂದು ಅದೇ ಅಕ್ಟೋಬರಿನಲ್ಲಿ ಹೇಳಿದ ದಿನ ಷೇರಿನ ಬೆಲೆ ನೂರಕ್ಕೆ ಹತ್ತರಷ್ಟು ಕುಸಿಯಿತು. ನೌಕರರಿಗೆ ಹೆಚ್ಚು ಕೊಟ್ಟು ಷೇರುದಾರರಿಗೆ ಅನ್ಯಾಯ ಮಾಡುತ್ತಿದ್ದಾರೆ ಎಂಬ ಟೀಕೆಯನ್ನು ಕಾಸ್ಟ್‌ಕೊ ಸ್ಥಾಪಕರಲ್ಲೊಬ್ಬರಾದ ಜಿಮ್ ಸಿನೆಗಲ್ ವರ್ಷಗಟ್ಟಲೆ ಕೇಳಿದರು, ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ತಿಂಗಳಿಗೊಮ್ಮೆ ಉತ್ತರ ಕೊಡಬೇಕಾದ ಮ್ಯಾನೇಜರಿಗೂ ಹತ್ತು ವರ್ಷ ಮುಂದೆ ನೋಡುವ ಮಾಲೀಕನಿಗೂ ಇರುವ ವ್ಯತ್ಯಾಸ ಇಲ್ಲಿದೆ.

ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯೊಂದನ್ನು ತಮ್ಮ ಗಮನಕ್ಕೆ ತರಬೇಕು. ದುಡಿಯುತ್ತಿದ್ದರೂ ಸರ್ಕಾರದ ಆಹಾರ ನೆರವು ಮತ್ತು ಬಡವರ ವೈದ್ಯಕೀಯ ನೆರವು ಪಡೆಯುತ್ತಿರುವವರು ಯಾರ ಬಳಿ ಕೆಲಸಕ್ಕಿದ್ದಾರೆ ಎಂದು ಅದು ಹುಡುಕಿತು. ಮಾಹಿತಿ ಕೊಟ್ಟ ರಾಜ್ಯಗಳ ಪಟ್ಟಿಗಳಲ್ಲಿ ವಾಲ್‌ಮಾರ್ಟ್ ಹೆಸರು ಮೇಲಿನ ಸಾಲುಗಳಲ್ಲೇ ಕಾಣಿಸಿತು. ಕಂಪನಿ ಕೊಡದೆ ಉಳಿಸಿದ್ದನ್ನು ಬೊಕ್ಕಸ ತುಂಬಿಕೊಡುತ್ತಿತ್ತು.

ಈಗ ನಮ್ಮ ಕಡೆ ನೋಡೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಕೊಟ್ಟಿರಿ. ಅದಕ್ಕೂ ಮೊದಲು ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬೆಳಗಿನ ಬಸ್ಸುಗಳಲ್ಲಿ ಮೈಸೂರಿಗೆ ಇಳಿಯುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಜವಳಿ ಅಂಗಡಿ, ಸೂಪರ್ ಮಾರ್ಕೆಟ್, ಚಿನ್ನದಂಗಡಿಗಳ ಕೆಲಸದವರು. ಬಸ್ ಚಾರ್ಜು ಉಳಿದದ್ದು, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ ಬಂದದ್ದು, ಪಡಿತರದ ಅಕ್ಕಿ ಸಿಕ್ಕಿದ್ದು ಆ ಮನೆಗಳಿಗೆ ದೊಡ್ಡ ಆಸರೆ. ಈ ಯೋಜನೆಗಳನ್ನು ಬಿಟ್ಟಿ ಎಂದು ಹಂಗಿಸುವವರ ಸಾಲಿನಲ್ಲಿ ನಾನಿಲ್ಲ. ನನ್ನ ಅಸಮಾಧಾನ ಬೇರೆ. ಬಸ್ ಪುಕ್ಕಟೆಯಾದ ಮೇಲೆ ಪ್ರಯಾಣ ಭತ್ಯೆ ಕೇಳಿದ ಹುಡುಗಿಗೆ “ನಿನಗೇನಮ್ಮ ಖರ್ಚು?” ಎಂದು ಕೇಳುವ ಫ್ಲೋರ್ ಮ್ಯಾನೇಜರುಗಳಿದ್ದಾರೆ. ಬಡವರ ಮನೆಗೆಂದು ತಾವು ಕಳಿಸಿದ ದುಡ್ಡಿನಲ್ಲಿ ಒಂದು ಪಾಲು ದಾರಿ ತಪ್ಪಿ ಮಾಲೀಕರ ಸಂಬಳದ ಪುಸ್ತಕಕ್ಕೆ ಉಳಿತಾಯವಾಗಿ ಸೇರುತ್ತಿದೆ. ಗ್ಯಾರಂಟಿಗಳ ಲೆಕ್ಕ ಒಪ್ಪಿಸುವಾಗ ಹಣಕಾಸು ಇಲಾಖೆ ಇದನ್ನು ಯಾವ ಕಲಮಿನಲ್ಲಿ ತೋರಿಸುತ್ತದೆಯೋ!

ನಿಯೋಗದವರ ಲೆಕ್ಕಕ್ಕೆ ಮರಳುತ್ತೇನೆ. ಒಂದು ಸೂಪರ್ ಮಾರ್ಕೆಟ್ ಇದೆ ಎಂದುಕೊಳ್ಳೋಣ. ಅರವತ್ತು ನೌಕರರು, ತಲಾ 15,000 ರೂಪಾಯಿ ಸಂಬಳ, ತಿಂಗಳ ವ್ಯಾಪಾರ ಮೂರು ಕೋಟಿ. ಸಂಬಳದ ಒಟ್ಟು ಮೊತ್ತ 9 ಲಕ್ಷ, ಅಂದರೆ ವ್ಯಾಪಾರದ ನೂರಕ್ಕೆ ಮೂರು. ಪ್ರತಿಯೊಬ್ಬರಿಗೂ 4,000 ರೂಪಾಯಿ ಏರಿಸಿದರೆ ಹೆಚ್ಚುವರಿ ಖರ್ಚು 2.4 ಲಕ್ಷ, ನೂರಕ್ಕೆ ಎಂಬತ್ತು ಪೈಸೆ. ಅಷ್ಟನ್ನೂ ಗ್ರಾಹಕರ ಮೇಲೆಯೇ ಹಾಕಿದರೂ ಎರಡು ಸಾವಿರ ರೂಪಾಯಿ ಬಿಲ್ಲಿಗೆ ಹದಿನಾರು ರೂಪಾಯಿ. ಕೈಚೀಲ ಮರೆತು ಬಂದಾಗ ಕೌಂಟರಿನಲ್ಲಿ ಚೀಲಕ್ಕೆ ಅಷ್ಟನ್ನು ಕೊಟ್ಟೇ ಕೊಡುತ್ತೇವೆ. ಇಪ್ಪತ್ತು ಜನರಿದ್ದು ತಿಂಗಳಿಗೆ ನಲವತ್ತು ಲಕ್ಷ ಮಾತ್ರ ವ್ಯಾಪಾರವಾಗುವ ಅಂಗಡಿಯಲ್ಲಿ ಅದೇ ಏರಿಕೆ ನೂರಕ್ಕೆ ಎರಡಾಗುತ್ತದೆ. ಅಲ್ಲಿ ಮಾಲೀಕನ ಗೋಳು ನಿಜವಾದ ಗೋಳು. ನಿಯೋಗದಲ್ಲಿ ಮುಂದೆ ನಿಂತು ಮಾತನಾಡುವವರು ಸಾಮಾನ್ಯವಾಗಿ ಮೊದಲನೆಯ ಅಂಗಡಿಯವರು, ತೋರಿಸುವ ಕಣ್ಣೀರು ಎರಡನೆಯ ಅಂಗಡಿಯವರದು.

ನೂರಕ್ಕೆ ಎಂಬತ್ತು ಪೈಸೆಯೂ ಪೂರ್ತಿ ಖರ್ಚಲ್ಲ. ಜನ ಬಿಟ್ಟುಹೋಗುವುದಕ್ಕೂ ಬೆಲೆ ಇದೆ, ಆದರೆ ಆ ಹೆಸರಿನ ಲೆಡ್ಜರ್ ಯಾವ ಅಂಗಡಿಯಲ್ಲೂ ಇರುವುದಿಲ್ಲ. ಹೊಸ ಕ್ಯಾಷಿಯರ್ ತಪ್ಪು ಬಾರ್‌ಕೋಡ್ ಹೊಡೆಯುತ್ತಾಳೆ, ಬಿಲ್ ರದ್ದು ಮಾಡಲು ಸೂಪರ್‌ವೈಸರನ್ನು ಕಾಯುತ್ತಾಳೆ, ಸಾಲು ಬೆಳೆಯುತ್ತದೆ, ಹಿಂದೆ ನಿಂತವರು ಬುಟ್ಟಿ ಬಿಟ್ಟು ಹೊರಡುತ್ತಾರೆ. ಗೋದಾಮಿನಲ್ಲಿ ಮಾಲಿದ್ದರೂ ಹೊಸ ಹುಡುಗನಿಗೆ ಗೊತ್ತಿಲ್ಲದೆ “ಸ್ಟಾಕ್ ಇಲ್ಲ ಸಾರ್” ಎನ್ನುತ್ತಾನೆ. ವಾಯಿದೆ ಮುಗಿದ ಹಾಲಿನ ಪುಡಿ ಮುಂದಿನ ಸಾಲಿನಲ್ಲೇ ಕೂತಿರುತ್ತದೆ. ಇವೆಲ್ಲ ಬೇರೆಬೇರೆ ಖಾತೆಗಳಲ್ಲಿ, ತೂಕ ನಷ್ಟ, ಹಾಳಾದ ಮಾಲು, ತರಬೇತಿ, ಕಾಣೆಯಾದ ಸರಕು ಎಂಬ ಹೆಸರುಗಳಲ್ಲಿ ಚದುರಿಹೋಗುತ್ತವೆ. ಸಂಬಳ ಮಾತ್ರ ಒಂದೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುತ್ತದೆ. ಕತ್ತರಿ ಹಿಡಿದವರ ಕೈ ಮೊದಲು ಅಲ್ಲಿಗೇ ಹೋಗುತ್ತದೆ.

ನಮ್ಮ ಜವಳಿ ವ್ಯಾಪಾರದಲ್ಲಿ ಇದು ಇನ್ನೂ ಸ್ಪಷ್ಟ. ಮೈಸೂರಿನ ಹಳೆಯ ಸೀರೆ ಅಂಗಡಿಗಳಲ್ಲಿ ಕೆಲವು ಕಡೆ ಇಪ್ಪತ್ತು, ಮೂವತ್ತು ವರ್ಷದ ನೌಕರರು ಈಗಲೂ ಇದ್ದಾರೆ. ಕುಟುಂಬ ಬಂದು ಜಮಖಾನೆಯ ಮೇಲೆ ಕೂರುವಷ್ಟರಲ್ಲಿ ಇವರು ಧಾರೆ ಸೀರೆಗೆ ಬಂದವರೇ, ಬೀಗಿತ್ತಿಗೆ ಉಡುಗೊರೆ ಕೊಡಲು ಬಂದವರೇ, ಕೈಯಲ್ಲಿ ಎಷ್ಟು ಹಣವಿದೆ, ತೀರ್ಮಾನ ಮಾಡುವವರು ತಾಯಿಯೋ ಅತ್ತೆಯೋ ಎಂದು ಅವರಿಗೆ ಅಂದಾಜಾಗಿರುತ್ತದೆ. ಎಂಟು ಸೀರೆ ಬಿಚ್ಚಿ ಎರಡನ್ನು ಮಾರುತ್ತಾರೆ. ಹೊಸಬರು ಐವತ್ತು ಬಿಚ್ಚಿ ಒಂದನ್ನೂ ಮಾರುವುದಿಲ್ಲ, ಮಡಚುವ ಕೆಲಸ ಬೇರೆ. (ಐವತ್ತು ಬಿಚ್ಚಿಸಿ ಎದ್ದುಹೋಗುವವರಲ್ಲಿ ನನ್ನ ಮನೆಯವರೂ ಸೇರಿದ್ದಾರೆ, ಅದಕ್ಕೆ ಯಾವ ನೌಕರನೂ ಹೊಣೆಯಲ್ಲ.) ಅಂತಹ ಅನುಭವಿಯನ್ನು ಮಾಲೀಕ ತಾನಾಗಿ ಉಳಿಸಿಕೊಳ್ಳುತ್ತಾನೆ, ಮಗಳ ಮದುವೆಗೆ ಸಾಲ ಕೊಡುತ್ತಾನೆ, ಪಕ್ಕದ ಅಂಗಡಿಯವರು ಸೆಳೆದಾರು ಎಂದು ಹೆದರುತ್ತಾನೆ. ಎಲ್ಲ ಸರಕೂ ಪೊಟ್ಟಣದಲ್ಲಿ ಬಂದು, ಬೆಲೆ ಯಂತ್ರದಲ್ಲಿ ಮೂಡುವ ಅಂಗಡಿಯಲ್ಲಿ ಈ ಹೆದರಿಕೆ ಇಲ್ಲ. ಒಬ್ಬಳು ಬಿಟ್ಟರೆ ಪಿಯುಸಿ ಮುಗಿಸಿದ ನಾಲ್ವರು ಹೊರಗೆ ಅರ್ಜಿ ಹಿಡಿದು ನಿಂತಿರುತ್ತಾರೆ ಎಂಬ ಧೈರ್ಯ ಅಲ್ಲಿದೆ.

ಆ ಧೈರ್ಯವೇ ಇಡೀ ವಿಷಯದ ತಿರುಳು. ಜನ ಅಗ್ಗವಾಗಿ, ಬೇಕಾದಷ್ಟು ಸಿಗುವ ತನಕ ಅಂಗಡಿಯನ್ನು ಜಾಣತನದಿಂದ ನಡೆಸುವ ಅಗತ್ಯ ಮಾಲೀಕನಿಗೆ ಬೀಳುವುದಿಲ್ಲ. ಜಾಣತನ ನಮ್ಮವರಲ್ಲಿಲ್ಲ ಎಂದಲ್ಲ. 2002ರಲ್ಲಿ ಮುಂಬಯಿಯ ಪೊವೈಯಲ್ಲಿ ಮೊದಲ ಮಳಿಗೆ ತೆರೆದ ಡಿಮಾರ್ಟ್, ಬಾಡಿಗೆ ಕಟ್ಟುವ ಬದಲು ಹೆಚ್ಚಿನ ಮಳಿಗೆಗಳ ಕಟ್ಟಡವನ್ನೇ ಕೊಂಡುಕೊಂಡಿತು. ಸರಬರಾಜುದಾರರಿಗೆ ಬೇಗ ಹಣ ಕೊಟ್ಟು ಬೆಲೆ ಇಳಿಸಿಕೊಂಡಿತು. ಉಳಿದ ಹಣ ಗ್ರಾಹಕರಿಗೆ ಅಗ್ಗದ ಬೆಲೆಯಾಗಿ, ಷೇರುದಾರರಿಗೆ ಲಾಭವಾಗಿ ಹೋಯಿತು. ಅದರ ಮಳಿಗೆಗಳಲ್ಲಿ ದುಡಿಯುವವರಲ್ಲಿ ಕಾಯಂ ನೌಕರರಿಗಿಂತ ಗುತ್ತಿಗೆಯವರೇ ಹೆಚ್ಚು. ಖರ್ಚು ಉಳಿಸುವ ಬುದ್ಧಿ ಒಂದು, ಉಳಿದದ್ದನ್ನು ಯಾರಿಗೆ ಹಂಚಬೇಕೆಂಬ ತೀರ್ಮಾನ ಇನ್ನೊಂದು. ಎರಡನೆಯದನ್ನು ಮಾರುಕಟ್ಟೆ ತಾನಾಗಿ ನೌಕರರ ಪರವಾಗಿ ಮಾಡಿದ್ದನ್ನು ಈ ಊರುಗಳಲ್ಲಿ ನಾನು ಕಂಡಿಲ್ಲ. ಅದಕ್ಕೇ ಈ ಪತ್ರ ವ್ಯಾಪಾರಿ ಸಂಘಗಳ ವಿಳಾಸಕ್ಕೆ ಹೋಗದೆ ತಮಗೆ ಬಂದಿದೆ.

ಕಾನೂನು ಇಲ್ಲದೆ ಹೋಗಿಲ್ಲ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಬರೆದಿಟ್ಟಿತು. ಮೀರಿದ ಗಂಟೆಗೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ. ಆಷಾಢದ ರಿಯಾಯಿತಿ ಮಾರಾಟದಿಂದ ಹಿಡಿದು ವರಮಹಾಲಕ್ಷ್ಮಿ, ಗೌರಿ, ದಸರಾ, ದೀಪಾವಳಿ ಮುಗಿಯುವ ತನಕ ಸಯ್ಯಾಜಿರಾವ್ ರಸ್ತೆ, ದೇವರಾಜ ಅರಸು ರಸ್ತೆಗಳ ಒಂದೊಂದು ಅಂಗಡಿಯ ಹಾಜರಿ ಪುಸ್ತಕವನ್ನೂ ಸಿಸಿ ಕ್ಯಾಮೆರಾವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಸ್ತಕದಲ್ಲಿ ಎಲ್ಲರೂ ಸಂಜೆ ಏಳಕ್ಕೆ ಮನೆಗೆ ಹೋಗಿರುತ್ತಾರೆ. ಕ್ಯಾಮೆರಾದಲ್ಲಿ ಹತ್ತು ಗಂಟೆಗೆ ಸೀರೆ ಮಡಚುತ್ತಿರುತ್ತಾರೆ. 2021ರ ಜನವರಿಯಲ್ಲಿ ಹತ್ತು ಅಥವಾ ಅದಕ್ಕೂ ಹೆಚ್ಚು ನೌಕರರಿರುವ ಅಂಗಡಿಗಳಿಗೆ ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರಲು ಅನುಮತಿ ಸಿಕ್ಕಿತು, ರಜೆ ತಪ್ಪದಂತೆ ಹೆಚ್ಚುವರಿ ನೌಕರರನ್ನು ಇಡಬೇಕೆಂಬ ಷರತ್ತಿನೊಂದಿಗೆ. ಬಾಗಿಲು ತೆರೆದಿರುವ ಹೊತ್ತು ಹೆಚ್ಚಿತು. ಷರತ್ತನ್ನು ಓದಿದವರು ಕಡಿಮೆ. 2025ರಲ್ಲಿ ದಿನದ ದುಡಿಮೆಯನ್ನು ಹತ್ತು ಗಂಟೆಗೆ, ಓಟಿ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾಪವೂ ಚರ್ಚೆಗೆ ಬಂತು. ಬರೆದಿಟ್ಟ ಒಂಬತ್ತನ್ನೇ ಪಾಲಿಸದವರಿಗೆ ಹನ್ನೆರಡನ್ನು ಕೊಟ್ಟರೆ ಅವರು ಹದಿನಾಲ್ಕಕ್ಕೆ ಹೋಗುತ್ತಾರೆ. ದಯವಿಟ್ಟು ಆ ಕಡತವನ್ನು ಮುಚ್ಚಿಸಿ.

ಕ್ಯಾಷ್ ಶಾರ್ಟೇಜ್ ಎಂಬ ಕಟಾವಣೆಯ ಬಗ್ಗೆಯೂ ತಮಗೆ ತಿಳಿದಿರಬೇಕು. ದಿನದ ಕೊನೆಗೆ ಗಲ್ಲಾಪೆಟ್ಟಿಗೆಯಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂದರೆ ಅದು ಕ್ಯಾಷಿಯರಳ ಸಂಬಳದಿಂದ ಹೋಗುತ್ತದೆ. ಅದೇ ಪೆಟ್ಟಿಗೆಯಲ್ಲಿ ನೂರು ಹೆಚ್ಚು ಬಂದರೆ ಅಂಗಡಿಯ ಆದಾಯ. ನಷ್ಟದ ಹೆಸರಿನಲ್ಲಿ ಕೂಲಿ ಕಡಿಯುವ ಮೊದಲು ನೌಕರನ ಮಾತು ಕೇಳಬೇಕೆಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದ ನಿಯಮ. ಎಷ್ಟು ಕಡೆ ಕೇಳುತ್ತಾರೆ?

ಕೆಲಸದ ನಡುವೆ ಕೂರುವ ಹಕ್ಕಿನ ಮಾತು ಇನ್ನೂ ಸರಳ. ಕೋಯಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಸಂಘಟಿತರಾಗಿ ವರ್ಷಗಳ ಕಾಲ ಹೋರಾಡಿದ ಮೇಲೆ ಕೇರಳ 2018ರಲ್ಲಿ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ನಮ್ಮ ಮಳಿಗೆಗಳಲ್ಲಿ ಕುರ್ಚಿ ಇಲ್ಲ ಎನ್ನಲಾರೆ. ಗ್ರಾಹಕರ ಜೊತೆ ಬಂದ ಗಂಡಂದಿರಿಗೆಂದು ಸಾಲಾಗಿ ಹಾಕಿರುತ್ತಾರೆ.

ಕೂಲಿಯ ಮಟ್ಟ ಎಷ್ಟಿರಬೇಕೆಂಬುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಕುಟುಂಬಕ್ಕೆ ಬೇಕಾದ ಆಹಾರ, ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಎಲ್ಲವನ್ನೂ ಸೇರಿಸಿ ಅಳತೆ ಕೊಟ್ಟಿತು. ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಶಿಕ್ಷಣ, ಚಿಕಿತ್ಸೆ, ಹಬ್ಬ, ಮದುವೆ, ಮುಪ್ಪಿನ ಖರ್ಚಿಗೆಂದು ಒಟ್ಟು ಕನಿಷ್ಠ ಕೂಲಿಯ ಕಾಲು ಭಾಗವನ್ನು ಈ ಲೆಕ್ಕಕ್ಕೆ ಸೇರಿಸಿತು. ತಮ್ಮ ಇಲಾಖೆ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆ ಈ ಅಳತೆಯನ್ನೇ ಆಧರಿಸಿತ್ತು. ಆಗ ಉದ್ಯಮ ವಲಯದಿಂದ ಎದ್ದ ಗದ್ದಲದಲ್ಲಿ ಮೇಲಿನ ಎಂಬತ್ತು ಪೈಸೆಯ ಲೆಕ್ಕವನ್ನು ಯಾರೂ ಮಾಡಿ ತೋರಿಸಲಿಲ್ಲ.

ಹಾಗಾಗಿ ನನ್ನ ಕೋರಿಕೆಗಳು ಇವು. ಮುಂದಿನ ಬಾರಿ ನಿಯೋಗ ಬಂದಾಗ ಬರೀ ಲಾಭದ ಶೇಕಡಾವಾರು ಕೇಳಬೇಡಿ. ಒಬ್ಬ ನೌಕರನಿಗೆ ತಿಂಗಳ ಮಾರಾಟವೆಷ್ಟು, ಬಾಡಿಗೆ ಎಷ್ಟು, ಕಳೆದ ವರ್ಷ ಎಷ್ಟು ಜನ ಬಿಟ್ಟುಹೋದರು ಎಂದು ಕಾಗದದ ಮೇಲೆ ಕೇಳಿ. ಐವತ್ತಕ್ಕಿಂತ ಹೆಚ್ಚು ನೌಕರರಿರುವ ಮಳಿಗೆಗಳು ಈ ಅಂಕಿಗಳ ಜೊತೆ ತಾವು ಕೊಡುವ ಅತಿ ಕಡಿಮೆ ಸಂಬಳವನ್ನೂ ಬಾಗಿಲಲ್ಲಿ ತೂಗುಹಾಕುವಂತೆ ಮಾಡಿ. ಕೆಲಸ ಹುಡುಕಿಕೊಂಡು ಬಂದ ಹುಡುಗಿ ಒಳಗೆ ಕಾಲಿಡುವ ಮೊದಲೇ ಓದಿಕೊಳ್ಳಲಿ. ಸಣ್ಣ ಅಂಗಡಿಗಳಿಗೆ ಏರಿಕೆಯನ್ನು ಎರಡು ಕಂತಿನಲ್ಲಿ ಜಾರಿ ಮಾಡಿದರೆ ನನ್ನ ತಕರಾರಿಲ್ಲ, ಆ ಮರೆಯಲ್ಲಿ ದೊಡ್ಡವರು ನುಸುಳಬಾರದು ಅಷ್ಟೇ. ಗುತ್ತಿಗೆ ನೌಕರರನ್ನು ಕಳಿಸುವ ಏಜೆನ್ಸಿ ಅವರ ಸಂಬಳ ಬಾಕಿ ಉಳಿಸಿದರೆ ಮಳಿಗೆಯೇ ಕೊಡಬೇಕೆಂಬುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದಲೂ ಇರುವ ತತ್ವ. “ಅವರು ನಮ್ಮ ನೌಕರರಲ್ಲ” ಎಂಬ ಉತ್ತರವನ್ನು ತಮ್ಮ ಅಧಿಕಾರಿಗಳು ಇನ್ನು ಮುಂದೆ ಬರೆದುಕೊಂಡು ವಾಪಸ್ ಬರಬಾರದು. ಸಂಬಳದ ಚೀಟಿ ಕನ್ನಡದಲ್ಲಿರಲಿ, ಪಿಎಫ್, ಇಎಸ್‌ಐ ಎಷ್ಟು ಕಡಿದರು, ಎಷ್ಟು ಕಟ್ಟಿದರು ಎಂಬುದು ಅದರಲ್ಲಿ ಬೇರೆಬೇರೆ ಸಾಲಿನಲ್ಲಿರಲಿ. ಕನಿಷ್ಠ ವೇತನವನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕೆಂದು 1948ರ ಕಾಯ್ದೆಯೂ ಹೇಳಿತ್ತು, 2019ರ ವೇತನ ಸಂಹಿತೆಯೂ ಹೇಳುತ್ತದೆ. ಕರಡು, ಆಕ್ಷೇಪಣೆ, ನ್ಯಾಯಾಲಯ ಎಂದು ಆ ಐದು ವರ್ಷ ಎಂಟಾಗದಂತೆ ನೋಡಿಕೊಳ್ಳುವುದು ತಮ್ಮ ಕೈಯಲ್ಲಿದೆ.

ಕೊನೆಯದು ಖರ್ಚಿಲ್ಲದ ಕೆಲಸ. ಈ ಬಾರಿಯ ದಸರಾ ಮಾರಾಟದ ದಿನಗಳಲ್ಲಿ ತಮ್ಮ ನಿರೀಕ್ಷಕರು ಮೈಸೂರಿನ ಹತ್ತು ದೊಡ್ಡ ಮಳಿಗೆಗಳಿಗೆ ರಾತ್ರಿ ಒಂಬತ್ತೂವರೆಗೆ, ಮೊದಲೇ ಫೋನ್ ಮಾಡದೆ ಹೋಗಲಿ. ಹಾಜರಿ ಪುಸ್ತಕ ಕೇಳುವ ಮೊದಲು ನೌಕರರನ್ನು, ಮ್ಯಾನೇಜರ್ ಇಲ್ಲದ ಕಡೆ ಕರೆದು, ಬೆಳಿಗ್ಗೆ ಎಷ್ಟು ಹೊತ್ತಿಗೆ ಬಂದಿರಿ ಎಂದು ಕೇಳಲಿ. ಕಂಡದ್ದನ್ನು ಮಳಿಗೆಯ ಹೆಸರು ಸಹಿತ, ನಿಯಮ ಪಾಲಿಸಿದವರದ್ದೂ ಸೇರಿಸಿ, ದೀಪಾವಳಿಗೆ ಮೊದಲು ಪತ್ರಿಕೆಗಳಿಗೆ ಕೊಡಲಿ.

ಇಂತಿ,
ನಿವೃತ್ತ ಲೆಕ್ಕಿಗ,
ಮಂಡ್ಯ